ಲೋಕದರ್ಶನ: ವಿನೋದದ ಬೆನ್ನಿಗಿರುವ ಎಚ್ಚರ

ಮಾನವನು ದುಡಿಯುವುದಕ್ಕಾಗಿ ಹುಟ್ಟಿದವನೆಂಬುದು ನಿಜ. ಆದರೆ ನಗುವನ್ನು ಮರೆತ ಮನೆಯಲ್ಲಿ ದುಡಿಮೆಯೂ ಬಹುಕಾಲ ನಿಲ್ಲಲಾರದು. ಆದ್ದರಿಂದಲೇ ಎಲ್ಲ ದೇಶಗಳ ಜನರೂ ಹಬ್ಬ, ಜಾತ್ರೆ, ಆಟಪಾಟಗಳಿಗೆ ತಮ್ಮ ಬಾಳಿನಲ್ಲಿ ಎಡೆ ಮಾಡಿಕೊಟ್ಟಿರುವರು. ಜಾತ್ರೆಯ ಬಯಲಿನಲ್ಲಿ ತಿರುಗುವ ತೊಟ್ಟಿಲನ್ನು ಕಂಡು ತಂದೆಯ ಕೈಹಿಡಿದು ಎಳೆಯದ ಮಗುವುಂಟೆ? ಅಂಥ ತೊಟ್ಟಿಲುಗಳಿಂದಲೂ ಬಂಡಿಗಳಿಂದಲೂ ನೂರನಲವತ್ತು ವರ್ಷಗಳಿಗೂ ಮೇಲ್ಪಟ್ಟು ಜನರನ್ನು ರಂಜಿಸುತ್ತ ಬಂದಿರುವ ಒಂದು ಕಡಲತೀರದ ಕಥೆಯನ್ನು ಈ ತಿಂಗಳು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ. ಅದು ಅಮೆರಿಕದ ನ್ಯೂಯಾರ್ಕ್ ನಗರದ ಕೋನಿ ಐಲೆಂಡ್. ವಿನೋದದ ಕಥೆಯಂತೆ ಕಾಣುವ ಇದು, ಆಳವಾಗಿ ನೋಡಿದರೆ, ಎಚ್ಚರದ ಕಥೆಯೇ ಆಗಿದೆ.

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ದಕ್ಷಿಣದ ಅಂಚಿನಲ್ಲಿ, ಅಟ್ಲಾಂಟಿಕ್ ಮಹಾಸಾಗರಕ್ಕೆ ಮುಖಮಾಡಿ ಈ ತೀರವಿದೆ. ಹೆಸರಿನಲ್ಲಿ ದ್ವೀಪವೆಂದಿದ್ದರೂ ನಡುವಣ ತೊರೆಯ ಒಂದು ಭಾಗವನ್ನು ಮಣ್ಣು ಹಾಕಿ ಮುಚ್ಚಿದ್ದರಿಂದ ಇಂದು ಅದು ಭೂಮಿಗೆ ಅಂಟಿಕೊಂಡಿದೆ. ಮೊದಮೊದಲು ಅಲ್ಲಿಗೆ ಬಂದವರು ಸಿರಿವಂತರು. 1920ರಲ್ಲಿ ನಗರದ ಸುರಂಗ ರೈಲು ಅಲ್ಲಿಯವರೆಗೆ ಬಂದ ಮೇಲೆ ಐದು ಸೆಂಟು ಕೊಟ್ಟ ಯಾವ ಕೂಲಿಕಾರನೂ ತನ್ನ ಹೆಂಡತಿ ಮಕ್ಕಳೊಡನೆ ಕಡಲಗಾಳಿಯನ್ನು ಸವಿಯುವಂತಾಯಿತು. ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ವಾರವಿಡೀ ಬೆಂದ ಆ ಬಡ ಕುಟುಂಬಗಳಿಗೆ ಭಾನುವಾರದ ಕೋನಿ ಐಲೆಂಡ್ ಎಂಬುದು ಭೋಗವಾಗಿರಲಿಲ್ಲ, ಅದು ಉಸಿರಾಗಿತ್ತು.

ಈ ತೀರದಲ್ಲಿ ಆಟದ ಬಂಡಿಯನ್ನು ಮೊದಲು ಓಡಿಸಿದವನು ಲಾಮಾರ್ಕಸ್ ಥಾಂಪ್ಸನ್. ಈತನು ಕಾಲುಚೀಲಗಳ ಉದ್ಯಮದಲ್ಲಿ ಹಣ ಗಳಿಸಿದವನು, ಧರ್ಮಭೀರು. ಆ ಕಾಲದ ಯುವಕರು ಸೆರೆಯಂಗಡಿಗಳಿಗೂ ಅದಕ್ಕಿಂತ ಹೀನವಾದ ಸ್ಥಳಗಳಿಗೂ ಎಡತಾಕುವುದನ್ನು ಕಂಡು, ಅವರಿಗೆ ನಿರ್ದೋಷವಾದ ವಿನೋದವೊಂದನ್ನು ಒದಗಿಸಬೇಕೆಂದು ಬಯಸಿದನೆಂದು ಹೇಳುತ್ತಾರೆ. ಪೆನ್ಸಿಲ್ವೇನಿಯಾದ ಬೆಟ್ಟವೊಂದರಲ್ಲಿ ಗಣಿಯ ಕಲ್ಲಿದ್ದಲನ್ನು ಕೆಳಗಿಳಿಸಲು ಹಾಕಿದ್ದ ಇಳಿಜಾರಿನ ರೈಲುಹಳಿಯೇ ಅವನಿಗೆ ಮಾದರಿಯಾಯಿತು. 1884ರಲ್ಲಿ ಸುಮಾರು 600 ಅಡಿ ಉದ್ದದ ಹಳಿಯನ್ನು ಹಾಕಿ, ಗಂಟೆಗೆ ಆರು ಮೈಲಿಯ ವೇಗದಲ್ಲಿ ಬಂಡಿ ಇಳಿಯುವಂತೆ ಮಾಡಿದನು. ಜನರು ಮೆಟ್ಟಿಲೇರಿ ಮೇಲಿನ ಕಟ್ಟೆಯಲ್ಲಿ ಕುಳಿತು, ಇನ್ನೊಂದು ತುದಿಗೆ ಇಳಿಯಬೇಕು. ಅಲ್ಲಿ ಕೆಲಸದವರು ಬಂಡಿಯನ್ನು ಮರಳುವ ಹಳಿಗೆ ತಳ್ಳಬೇಕು. ಶುಲ್ಕ ಐದು ಸೆಂಟು. ದುಡಿಮೆಗೆಂದು ಹುಟ್ಟಿದ ಯಂತ್ರವು ಹೀಗೆ ದುಡಿದವರ ಆಟಕ್ಕೆ ಒದಗಿತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮೂರು ದೊಡ್ಡ ವಿನೋದವನಗಳು ಅಲ್ಲಿ ತಲೆಯೆತ್ತಿದವು. 1897ರಲ್ಲಿ ಜಾರ್ಜ್ ಟಿಲ್ಯೂ ಎಂಬಾತನು ಸ್ಟೀಪಲ್‌ಚೇಸ್ ಪಾರ್ಕನ್ನು ತೆರೆದನು. ಇಳಿಜಾರಿನ ಹಳಿಗಳ ಮೇಲೆ ಯಂತ್ರದ ಕುದುರೆಗಳು ಸವಾರರನ್ನು ಹೊತ್ತು ಪಂದ್ಯ ಕಟ್ಟಿ ಓಡುವುದು ಅಲ್ಲಿನ ಮುಖ್ಯ ಆಕರ್ಷಣೆ. 1903ರಲ್ಲಿ ಬಂದ ಲೂನಾ ಪಾರ್ಕ್ ಎರಡೂವರೆ ಲಕ್ಷ ವಿದ್ಯುದ್ದೀಪಗಳಿಂದ ಬೆಳಗಿತು. ಚಂದ್ರಲೋಕಕ್ಕೆ ಹಾರಿದಂತೆ ಭ್ರಮೆ ಹುಟ್ಟಿಸುವ ಆಟವೊಂದು ಅಲ್ಲಿತ್ತು. ಮರುವರ್ಷ ತೆರೆದ ಡ್ರೀಮ್‌ಲ್ಯಾಂಡ್, ತನ್ನಲ್ಲಿ ಹತ್ತು ಲಕ್ಷ ದೀಪಗಳಿವೆಯೆಂದು ಸಾರಿ ಅದನ್ನೂ ಮೀರಿಸಹೊರಟಿತು. ಮನೆಯಲ್ಲಿ ಎಣ್ಣೆಯ ದೀಪವನ್ನೋ ಅನಿಲದ ದೀಪವನ್ನೋ ಹಚ್ಚುತ್ತಿದ್ದ ಜನರಿಗೆ ಅದು ದೇವಲೋಕದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಗೋಪುರಗಳೂ ಅರಮನೆಗಳೂ ಕಲ್ಲಿನವಲ್ಲ. ಮರದ ಪಟ್ಟಿಗಳ ಮೇಲೆ ನಾರು ಬೆರೆಸಿದ ಗಾರೆಯನ್ನು ಬಳಿದು ಕಟ್ಟಿದವು. ನೋಟಕ್ಕೆ ಅಮೃತಶಿಲೆ, ಒಳಗೆ ಒಣಸೌದೆ.

ಅದರ ಫಲವನ್ನು ಬಹುಬೇಗ ಕಾಣಬೇಕಾಯಿತು. 1907ರಲ್ಲಿ ಸ್ಟೀಪಲ್‌ಚೇಸ್ ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟಿತು. 1911ರ ಮೇ 27, ಡ್ರೀಮ್‌ಲ್ಯಾಂಡಿಗೆ ಆ ವರ್ಷದ ಹಂಗಾಮು ಆರಂಭವಾಗಬೇಕಾಗಿದ್ದ ದಿನ. ಬೆಳಗಾದರೆ ಜನಸಾಗರ ಬರುವುದೆಂದು, ನಡುರಾತ್ರಿ ಕಳೆದ ಮೇಲೂ ಕೆಲಸಗಾರರು ನೀರಿನ ಆಟವೊಂದರ ಸೋರಿಕೆಗೆ ಕುದಿಯುವ ಡಾಂಬರು ಬಳಿಯುತ್ತಿದ್ದರು. ಇದ್ದಕ್ಕಿದ್ದಂತೆ ದೀಪಗಳು ಆರಿದವು. ಕತ್ತಲಲ್ಲಿ ಯಾರದೋ ಕಾಲು ತಗಲಿ ಡಾಂಬರಿನ ಪಾತ್ರೆ ಉರುಳಿತು, ಬೆಂಕಿ ಹೊತ್ತಿಕೊಂಡಿತು. ಕೆಲವೇ ಗಂಟೆಗಳಲ್ಲಿ ಆ ಸ್ವಪ್ನನಗರಿ ಬೂದಿಯಾಯಿತು. ಬೆಂಕಿ ಹುಟ್ಟಿದ ಆಟದ ಹೆಸರು 'ನರಕದ್ವಾರ' ಎಂಬರ್ಥದ್ದೇ ಆಗಿತ್ತೆಂಬುದನ್ನು ವಿಧಿಯ ವ್ಯಂಗ್ಯವೆನ್ನಬೇಕೆ? ನಮಗೆ ಅದರಿಂದ ತಿಳಿಯಬೇಕಾದ ಮಾತು ಬೇರೆಯೇ ಇದೆ. ಹಂಗಾಮು ಆರಂಭವಾಗುವ ಹಿಂದಿನ ರಾತ್ರಿಯವರೆಗೂ ಉಳಿಸಿಕೊಂಡ ಕೆಲಸ, ಅವಸರದ ಕೈ, ಬೇಗನೆ ಉರಿಯುವ ಕಟ್ಟಡ: ಈ ಮೂರೂ ಕೂಡಿದಲ್ಲಿ ನರಕದ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ.

ಆ ಬೆಂಕಿಯ ರಾತ್ರಿ ಡ್ರೀಮ್‌ಲ್ಯಾಂಡಿನ ಒಂದು ಕಟ್ಟಡದಲ್ಲಿ ದಿನ ತುಂಬದೆ ಹುಟ್ಟಿದ ಹಸುಗೂಸುಗಳು ಮಲಗಿದ್ದವು. ವಿನೋದವನದಲ್ಲಿ ಹಸುಗೂಸುಗಳೇಕೆ ಎಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಇಂಥ ಶಿಶುಗಳನ್ನು ಬೆಚ್ಚಗಿಟ್ಟು ಸಾಕುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳು ಅಪರೂಪ. ಬದುಕುವ ಶಿಶುವಲ್ಲವೆಂದು ಕೈಬಿಡುವುದೇ ರೂಢಿ. ಮಾರ್ಟಿನ್ ಕೌನಿ ಎಂಬಾತನು 1903ರಿಂದ 1943ರವರೆಗೆ ಕೋನಿ ಐಲೆಂಡಿನಲ್ಲಿ ಅಂಥ ಪೆಟ್ಟಿಗೆಗಳ ಪ್ರದರ್ಶನ ನಡೆಸಿದನು. ನೋಡಬಂದವರು ಶುಲ್ಕ ಕೊಡಬೇಕು. ಆ ಹಣದಿಂದ ದಾದಿಯರ ಸಂಬಳ, ಹಾಲು, ಔಷಧಿಗಳ ವೆಚ್ಚ ಸಾಗಬೇಕು. ಶಿಶುವಿನ ತಂದೆತಾಯಿಗಳಿಂದ ಒಂದು ಕಾಸನ್ನೂ ಪಡೆಯುತ್ತಿರಲಿಲ್ಲ. ಕೌನಿಗೆ ವೈದ್ಯಪದವಿ ಇದ್ದುದಕ್ಕೆ ಆಧಾರ ಸಿಕ್ಕಿಲ್ಲವೆಂದು ಈಚಿನ ಸಂಶೋಧಕರು ಹೇಳಿದ್ದಾರೆ. ಶಿಶುಗಳನ್ನು ಪ್ರದರ್ಶನಕ್ಕಿಟ್ಟನೆಂದು ಅಂದಿನ ಕೆಲವರು ಹಳಿದುದೂ ಉಂಟು. ಆದರೂ ಅವನ ಪೋಷಣೆಗೆ ಬಂದ ಸುಮಾರು ಎಂಟು ಸಾವಿರ ಶಿಶುಗಳಲ್ಲಿ ಆರೂವರೆ ಸಾವಿರದಷ್ಟು ಬದುಕಿದವೆಂಬ ಎಣಿಕೆಯ ಮುಂದೆ ನಿಂದೆಯ ಮಾತು ತಣ್ಣಗಾಗುತ್ತದೆ. 1911ರ ಆ ರಾತ್ರಿ ಶಿಶುಗಳೆಲ್ಲ ಸತ್ತವೆಂದು ಮೊದಲು ಸುದ್ದಿ ಹಬ್ಬಿತು, ಅದು ಸುಳ್ಳಾಯಿತು. ಒಂದನ್ನೂ ಬಿಡದೆ ಎಲ್ಲವನ್ನೂ ಹೊರಗೆ ಸಾಗಿಸಿದ್ದರು. ಗೋಪುರ ಉಳಿಯಲಿಲ್ಲ, ದೀಪಗಳು ಉಳಿಯಲಿಲ್ಲ. ಹಗಲಿರುಳೂ ಕಣ್ಣಿಟ್ಟು ಕಾಯುವವರಿದ್ದ ಕೋಣೆಯ ಜೀವಗಳು ಉಳಿದವು.

ಇನ್ನು ಇಂದಿಗೂ ಅಲ್ಲಿ ನಿಂತಿರುವ ಎರಡು ಹಳೆಯ ಆಟಗಳ ವಿಷಯಕ್ಕೆ ಬರೋಣ. ಥಾಂಪ್ಸನ್ನನ ಮೊದಲ ಬಂಡಿ ಓಡಿದ ಸ್ಥಳದಲ್ಲಿಯೇ 1927ರ ಜೂನ್ 26ರಂದು 'ಸೈಕ್ಲೋನ್' ಎಂಬ ರೋಲರ್ ಕೋಸ್ಟರ್ ಆರಂಭವಾಯಿತು. ಉಕ್ಕಿನ ಚೌಕಟ್ಟಿನ ಮೇಲೆ ಮರದ ಹಾದಿ. ಉದ್ದ 2640 ಅಡಿ. ಮೊದಲ ಇಳಿತ 85 ಅಡಿ. ವೇಗ ಗಂಟೆಗೆ 60 ಮೈಲಿ. ಎರಡು ನಿಮಿಷವೂ ತುಂಬದ ಪಯಣ. ಬಂಡಿಯನ್ನು ಸರಪಳಿಯೊಂದು ನೆತ್ತಿಯವರೆಗೆ ಎಳೆದು ಬಿಡುತ್ತದೆ. ಅಲ್ಲಿಂದ ಮುಂದೆ ಅದನ್ನು ಓಡಿಸುವ ಯಂತ್ರವೇ ಇಲ್ಲ. ಏರುವಾಗ ಗಳಿಸಿದ ಶಕ್ತಿಯೇ ಇಳಿಯುವಾಗ ವೇಗವಾಗಿ, ಆ ವೇಗವೇ ಮುಂದಿನ ದಿಬ್ಬವನ್ನು ಹತ್ತಿಸುತ್ತದೆ. ಏರುವಾಗ 'ಟಕ್ ಟಕ್' ಎಂದು ಕೇಳುವ ಸದ್ದಿನಿಂದ ಸವಾರರ ಎದೆ ನಡುಗುತ್ತದೆ. ಆದರೆ ಅದು ಅಭಯದ ಸದ್ದು. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಹಲ್ಲುಹಲ್ಲಿಗೂ ಕೊಕ್ಕೆಯೊಂದು ಸಿಕ್ಕಿಕೊಳ್ಳುತ್ತ ಹೋಗುವ ಸದ್ದು ಅದು. ಹಳಿಯ ಮೇಲೊಂದು, ಪಕ್ಕದಲ್ಲೊಂದು ಚಕ್ರವಿರುವಂತೆ ಹಳಿಯ ಅಡಿಯಲ್ಲಿಯೂ ಒಂದು ಚಕ್ರವಿರುವುದರಿಂದ ದಿಬ್ಬದ ನೆತ್ತಿಯಲ್ಲಿ ಬಂಡಿ ಮೇಲಕ್ಕೆ ಚಿಮ್ಮಿಹೋಗುವುದಿಲ್ಲ. ಈ ಅಡಿಯ ಚಕ್ರಕ್ಕೆ ಜಾನ್ ಮಿಲ್ಲರ್ ಎಂಬ ಶಿಲ್ಪಿಯು 1919ರಲ್ಲಿ ಹಕ್ಕುಪತ್ರ ಪಡೆದನು. ಕಡಿದಾದ ಇಳಿತದ ಭಯವನ್ನು ಜನರು ಹಣ ಕೊಟ್ಟು ಕೊಳ್ಳುವಂತಾದದ್ದು ಕಣ್ಣಿಗೆ ಕಾಣದ ಆ ಚಕ್ರದ ಬಲದಿಂದ. ಇಷ್ಟಿದ್ದರೂ ಯಂತ್ರದ ಎಚ್ಚರವೊಂದೇ ಸಾಲದು. ಮರದ ಹಾದಿಯನ್ನು ಕೆಲಸಗಾರರು ಕಾಲ್ನಡಿಗೆಯಲ್ಲಿ ಏರಿಳಿದು, ಸಡಿಲವಾದ ಮೊಳೆಯನ್ನೂ ಸೀಳಿದ ಹಲಗೆಯನ್ನೂ ಹುಡುಕಬೇಕು. ಸವಾರನ ಪಾಲಿನ ಎಚ್ಚರವೂ ಉಂಟು. 1988ರಲ್ಲಿ ಓಡುವ ಬಂಡಿಯಲ್ಲಿ ಎದ್ದುನಿಂತ ಯುವಕನೊಬ್ಬನು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡನು.

ಎರಡನೆಯದು 1920ರಲ್ಲಿ ತೆರೆದ 'ವಂಡರ್ ವೀಲ್'. 150 ಅಡಿ ಎತ್ತರದ ಉಕ್ಕಿನ ಚಕ್ರ, 24 ತೊಟ್ಟಿಲುಗಳು, ಒಮ್ಮೆಗೆ 144 ಜನ ಕುಳಿತುಕೊಳ್ಳಬಹುದು. ಎಂಟು ತೊಟ್ಟಿಲುಗಳು ಅಂಚಿನಲ್ಲಿ ಸ್ಥಿರವಾಗಿದ್ದರೆ, ಉಳಿದ ಹದಿನಾರು ಚಕ್ರ ತಿರುಗಿದಂತೆ ಒಳಗಿನ ಬಾಗಿದ ಹಳಿಗಳ ಮೇಲೆ ಜಾರಿ ಓಲಾಡುತ್ತವೆ. 1977ರ ಜುಲೈ 13ರ ರಾತ್ರಿ ನ್ಯೂಯಾರ್ಕ್ ನಗರವೆಲ್ಲ ವಿದ್ಯುತ್ತಿಲ್ಲದೆ ಕತ್ತಲಲ್ಲಿ ಮುಳುಗಿದಾಗ ಈ ಚಕ್ರವೂ ನಿಂತಿತು. ಮೇಲೆ ಸಿಕ್ಕಿಕೊಂಡವರನ್ನು, ಚಕ್ರವನ್ನು ಕೈಯಿಂದಲೇ ತಿರುಗಿಸಿ ಕೆಳಗಿಳಿಸಿದರು. ಗ್ರೀಸ್ ದೇಶದಿಂದ ಬಂದು ತಳ್ಳುಗಾಡಿಯಲ್ಲಿ ತಿಂಡಿ ಮಾರುತ್ತಿದ್ದ ಡೀನೋಸ್ ವೂರ್ಡೆರಿಸ್ ಎಂಬಾತನು, ಒಂದು ದಿನ ಈ ಚಕ್ರವನ್ನೇ ಕೊಂಡು ಕೊಡುವೆನೆಂದು ತಾನು ಮದುವೆಯಾಗಬೇಕಾದವಳಿಗೆ ಮಾತು ಕೊಟ್ಟಿದ್ದನಂತೆ. 1983ರಲ್ಲಿ ಆ ಮಾತನ್ನು ನಡೆಸಿದನು. ಆತನು ತೀರಿಕೊಂಡ ಮೇಲೂ ಆ ಕುಟುಂಬವೇ ಅದನ್ನು ನಡೆಸಿಕೊಂಡು ಬಂದಿದೆ. ಹಂಗಾಮು ಮುಗಿದೊಡನೆ ತೊಟ್ಟಿಲುಗಳನ್ನು ಕಳಚಿ ಒಳಗಿಡುವುದು, ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿಯುವುದು, ಕೀಲುಗಳಿಗೆ ಎಣ್ಣೆ ಹಾಕುವುದು, ಇವು ಅವರ ಮನೆಯ ಕೆಲಸಗಳೇ ಆಗಿವೆ.

ದೊಡ್ಡವೆನಿಸಿದ ಆ ಮೂರು ವನಗಳ ಗತಿಯೇನಾಯಿತು? ಡ್ರೀಮ್‌ಲ್ಯಾಂಡ್ 1911ರಲ್ಲಿ ಬೆಂದಿತು. ಲೂನಾ ಪಾರ್ಕ್ 1944ರಲ್ಲಿ ಬೆಂಕಿಗೆ ಸಿಕ್ಕಿ ಮತ್ತೆ ತೆರೆಯಲಿಲ್ಲ. 2010ರಲ್ಲಿ ಬಂದುದು ಅದೇ ಹೆಸರಿನ ಹೊಸ ವನ. ಸ್ಟೀಪಲ್‌ಚೇಸ್ 1964ರಲ್ಲಿ ಮುಚ್ಚಿ, ಅದರ ಗಾಜಿನ ಮಂಟಪವನ್ನು 1966ರಲ್ಲಿ ಕೆಡವಿದರು. ಸೈಕ್ಲೋನನ್ನೂ ಕೆಡವಬೇಕೆಂಬ ಯೋಜನೆ 1970ರ ದಶಕದಲ್ಲಿ ಹುಟ್ಟಿತ್ತು. ಜನರು ಎಚ್ಚತ್ತು ವಿರೋಧಿಸಿದ್ದರಿಂದ ಅದು ಉಳಿಯಿತು. ನಗರಾಡಳಿತವು 1988ರಲ್ಲಿ ಸೈಕ್ಲೋನಿಗೂ 1989ರಲ್ಲಿ ವಂಡರ್ ವೀಲಿಗೂ ಸಂರಕ್ಷಿತ ಸ್ಮಾರಕದ ಮನ್ನಣೆ ನೀಡಿತು. ಲಕ್ಷಗಟ್ಟಲೆ ದೀಪಗಳನ್ನು ಹಚ್ಚಿ ಮೆರೆದುದು ಅಳಿಯಿತು. ಪ್ರತಿವರ್ಷ ಕಳಚಿ, ಒರೆಸಿ, ಜೋಡಿಸಿ ಕಾಪಾಡಿದುದು ನೂರು ವರ್ಷ ಕಂಡಿತು.

ಬಂಧುಗಳೇ, ನಾವು ನಮ್ಮ ಮಕ್ಕಳನ್ನು ಊರಜಾತ್ರೆಯ ತೊಟ್ಟಿಲಿನಲ್ಲಿ ಕೂರಿಸುತ್ತೇವೆ. ಮಗು ನಗುತ್ತ ಮೇಲೇರುವಾಗ ನಮ್ಮ ದೃಷ್ಟಿ ಅದರ ಮುಖದ ಮೇಲಿರುವುದು ಸಹಜ. ಅದಕ್ಕೆ ಮೊದಲು ಒಂದು ಗಳಿಗೆ ಕೆಳಗೂ ನೋಡಬೇಕು. ಅಡ್ಡಸಲಾಕೆಗೆ ಚಿಲಕ ಬಿದ್ದಿದೆಯೇ? ತೊಟ್ಟಿಲಿಗೆ ಮಿತಿಮೀರಿ ಜನರನ್ನು ತುಂಬಿದ್ದಾರೆಯೇ? ನಡೆಸುವವನ ಕಣ್ಣು ಚಕ್ರದ ಮೇಲಿದೆಯೇ, ಹಣದ ಡಬ್ಬಿಯ ಮೇಲಿದೆಯೇ? "ಸ್ವಲ್ಪ ತಾಳಿರಿ ಯಜಮಾನರೇ, ಒಂದು ನಟ್ಟು ಬಿಗಿಮಾಡಬೇಕು" ಎಂದು ಕೆಲಸದ ಹುಡುಗನು ಬೇಡಿಕೊಂಡರೆ, ಹೊತ್ತಾಯಿತೆಂದು ಗದರುವವರು ನಾವೇ ಅಲ್ಲವೇ? ಅವನನ್ನು ಗದರಿ ಅವಸರಪಡಿಸುವ ಪ್ರತಿಯೊಬ್ಬನೂ ಡ್ರೀಮ್‌ಲ್ಯಾಂಡಿನ ಆ ಡಾಂಬರಿನ ಪಾತ್ರೆಯ ಪಕ್ಕದಲ್ಲಿ ಕತ್ತಲಲ್ಲಿ ನಿಂತವನೇ ಸರಿ.

ಈ ಮಾತು ಆಟದ ಬಯಲಿಗಷ್ಟೇ ಮುಗಿಯುವುದಿಲ್ಲ. ಮನೆಯ ಮಕ್ಕಳು ನಿಶ್ಚಿಂತೆಯಿಂದ ನಕ್ಕು ನಲಿಯುತ್ತಿದ್ದರೆ, ಅವರ ಹಿಂದೆ ನಿದ್ದೆಗೆಟ್ಟು ಒಲೆ, ಬಾಗಿಲು, ಲೆಕ್ಕಗಳನ್ನು ನೋಡಿಕೊಳ್ಳುವ ತಾಯಿಯೋ ಅಜ್ಜನೋ ಇದ್ದೇ ಇರುವರು. ಅವರು ಹಳಿಯ ಅಡಿಯ ಚಕ್ರದಂತೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಈ ತಿಂಗಳು ಒಂದು ಸಂಜೆಯಾದರೂ ಅವರನ್ನು ತೊಟ್ಟಿಲಿನಲ್ಲಿ ಕೂರಿಸಿ, ಕೆಳಗೆ ನಿಂತು ಕಾಯುವ ಸರದಿಯನ್ನು ನಾವು ವಹಿಸಿಕೊಳ್ಳೋಣ.