ಕಪ್ ನಮ್ದು ಅಂದವರು ಆ ಹನ್ನೊಂದು ಮಂದಿಯನ್ನೂ ನಮ್ಮವರು ಅನ್ನಬೇಕು

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದದ್ದು ಆರೇ ಆರು ರನ್ನಿನಿಂದ. ನಮ್ಮವರು 9 ವಿಕೆಟ್‌ಗೆ 190, ಪಂಜಾಬ್ 7 ವಿಕೆಟ್‌ಗೆ 184. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದೂ ಆರೇ ರನ್ನಿಗೆ. ಆಮೇಲೆ 2011ರಲ್ಲಿ ಸೋತೆವು, 2016ರಲ್ಲಿ ಸೋತೆವು. ಹದಿನೆಂಟನೇ ಸೀಸನ್ನಿಗೆ ಕಪ್ ಬಂತು. ಐಪಿಎಲ್ ಶುರುವಾದ ವರ್ಷ ಹುಟ್ಟಿದ ಮಕ್ಕಳು ಅಷ್ಟೊತ್ತಿಗೆ ಪಿಯುಸಿಗೆ ಬಂದಿದ್ದರು.

ಆ ರಾತ್ರಿ ನಮ್ಮ ಕಡೆ ನಿದ್ದೆ ಮಾಡಿದವರು ಕಡಿಮೆ. ಸಿಂಧನೂರಿನ ರಸ್ತೆಯಲ್ಲಿ ಬೈಕು, ಕ್ಯಾಂಪುಗಳಲ್ಲಿ ಪಟಾಕಿ, ಮಸ್ಕಿ ಲಿಂಗಸುಗೂರಿನ ಗೆಳೆಯರ ಸ್ಟೇಟಸ್‌ ತುಂಬ ಅದೇ ಫೋಟೊ. ಇದರಲ್ಲಿ ತಪ್ಪೇನೂ ಇಲ್ಲ. ನಾವೂ ಕುಣಿದವರೇ. ನಾವು ಮಾತಾಡಬೇಕು ಅಂದುಕೊಂಡಿರುವುದು ಮರುದಿನದ ಬಗ್ಗೆ. ಕುಣಿದವರು ನಾವಾದ್ದರಿಂದ ಆ ಮಾತನ್ನೂ ನಾವೇ ಆಡಬೇಕು.

ಮೊದಲು 'ನಮ್ದು' ಅನ್ನುವ ಮಾತು. 'ಈ ಸಲ ಕಪ್ ನಮ್ದೇ' ಅಂತ ವರ್ಷ ವರ್ಷ ಕೂಗಿ, ಕಂಡಕಂಡವರಿಂದ ನಗೆಪಾಟಲಿಗೆ ಗುರಿಯಾದ ಮಾತು ಅದು. ಆರ್.ಎಚ್. ಕ್ಯಾಂಪಿನಲ್ಲಿ ಆ ಮಾತು ಕೇಳುವಾಗ ಅದಕ್ಕೆ ಬೇರೆಯೇ ತೂಕ ಇರುತ್ತದೆ. ದೂರದ ಓದುಗರಿಗೆ ಗೊತ್ತಿರಲಿ: ಆರ್.ಎಚ್. ಅಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಜಮೀನು ಕೊಟ್ಟು ಕೂರಿಸಿದ ಊರುಗಳು ಇವು. ಬಂದು ಐವತ್ತು ವರ್ಷದ ಮೇಲಾಯಿತು. ಮನೆಯೊಳಗೆ ಬಂಗಾಳಿ, ಹೊರಗೆ ನಮ್ಮದೇ ಸಿಂಧನೂರು ಕನ್ನಡ, ಭತ್ತದ ಗದ್ದೆ, ವರ್ಷಕ್ಕೊಮ್ಮೆ ದುರ್ಗಾ ಪೂಜೆ. ಐಪಿಎಲ್ ಬಂದರೆ ಇಲ್ಲಿಯ ಹುಡುಗರನ್ನು ಪಕ್ಕದೂರಿನವರು ಛೇಡಿಸುತ್ತಾರೆ, 'ನಿಮ್ದು ಕೋಲ್ಕತ್ತ ಅಲ್ಲೇನ್ರಲೇ?' ಅಂತ. ಕೆಲವರದು ಹೌದು. ಆದರೆ ಬಹಳ ಮಂದಿಯ ಮೈಮೇಲೆ ಇರುವುದು 18ನೇ ನಂಬರಿನ ಕೆಂಪು ಅಂಗಿ. ತಾತ ಯಾವುದೋ ನದಿ ದಾಟಿ ಬಂದವರು, ಮೊಮ್ಮಗ 'ಕಪ್ ನಮ್ದೇ' ಅಂತ ಕೂಗುವವನು.

ಇನ್ನೊಂದು ಲೆಕ್ಕ ನೋಡಿ. ಆ ಫೈನಲ್ ಆಡಿದ ನಮ್ಮ ತಂಡದಲ್ಲಿ ಕರ್ನಾಟಕದವರು ಎಷ್ಟು ಮಂದಿ? ಒಬ್ಬರು, ಮಯಾಂಕ್ ಅಗರ್ವಾಲ್. ಅವರೂ ದೇವದತ್ತ ಪಡಿಕ್ಕಲ್ ಗಾಯಗೊಂಡರು ಅಂತ ನಡುವೆ ಬಂದವರು. ನಾಯಕ ರಜತ್ ಪಾಟೀದಾರ್ ಇಂದೋರಿನವರು, ಕೊಹ್ಲಿ ದೆಹಲಿಯವರು, ಕೊನೆಯ ಓವರ್ ಹಾಕಿದ ಹೇಜಲ್‌ವುಡ್ ಆಸ್ಟ್ರೇಲಿಯಾದವರು. ಇವರನ್ನೆಲ್ಲ ಒಂದು ಗಳಿಗೆ ಯೋಚಿಸದೆ 'ನಮ್ಮವರು' ಅಂದೆವು. ಐವತ್ತು ವರ್ಷದಿಂದ ಪಕ್ಕದ ಗದ್ದೆಯಲ್ಲಿ ಭತ್ತ ಬೆಳೆಯುವವರನ್ನು ಮಾತ್ರ ಈಗಲೂ 'ಬಾಂಗ್ಲಾದವರು' ಅಂತೇವೆ. ಇರಲಿ, ಅದು ಇನ್ನೊಂದು ಲೇಖನಕ್ಕೆ ಆಗುವ ಮಾತು. ಇಲ್ಲಿ ಹೇಳುವುದು ಇಷ್ಟೇ: 'ನಮ್ಮವರು' ಅನ್ನುವುದು ಹುಟ್ಟಿದ ಊರಿನಿಂದ ಬರುವುದಿಲ್ಲ, ನಾವು ಅಂದುಕೊಂಡರೆ ಬರುತ್ತದೆ.

ಹಾಗಾದರೆ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಸತ್ತ ಹನ್ನೊಂದು ಜನ ಯಾರವರು?

ಕಪ್ ಗೆದ್ದು ಒಂದು ದಿನವೂ ಆಗಿರಲಿಲ್ಲ. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ನಂತರ ಕ್ರೀಡಾಂಗಣದಲ್ಲಿ ಕಾರ್ಯಕ್ರಮ ಅಂತಾಯಿತು. ವಿಜಯದ ಮೆರವಣಿಗೆ ಇದೆ, ಬನ್ನಿ ಅಂತ ತಂಡದ ಖಾತೆಯಿಂದಲೇ ಪೋಸ್ಟ್ ಬಂತು. ಉಚಿತ ಪಾಸ್ ಅಂತಲೂ ಬಂತು. ಮೆರವಣಿಗೆಗೆ ಪೊಲೀಸರ ಒಪ್ಪಿಗೆ ಇರಲಿಲ್ಲ. ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35 ಸಾವಿರ ಜನ. ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಯೇ ಹೇಳಿದರು. ಹನ್ನೊಂದು ಜನ ಸತ್ತರು, ಐವತ್ತಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಸತ್ತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಅವರ ಮೂಲ ಹುಡುಕಿದರೆ ಹಾಸನ, ಮಂಡ್ಯ, ಕೋಲಾರ ಅಂತೆಲ್ಲ ಬರುತ್ತದೆ. ನಮ್ಮ ಪಕ್ಕದ ಯಾದಗಿರಿಯೂ ಬರುತ್ತದೆ. ಓದಲು, ಕೆಲಸಕ್ಕೆ ಅಂತ ಹಳ್ಳಿಯಿಂದ ಬೆಂಗಳೂರಿಗೆ ಹೋದ ಮಕ್ಕಳು. ನಮ್ಮ ಮನೆಗಳಿಂದಲೂ ಎಷ್ಟು ಮಂದಿ ಅಲ್ಲಿದ್ದಾರೆ ಅನ್ನುವುದು ನಿಮಗೇ ಗೊತ್ತು. ಆ ಸಂಜೆ ಫೋನ್ ಹಚ್ಚಿದರೆ ಸಿಗದೆ ಎಷ್ಟು ತಾಯಂದಿರು ಹೊಸ್ತಿಲಲ್ಲಿ ಕೂತಿದ್ದರು ಅನ್ನುವುದೂ ಗೊತ್ತು.

ಆಮೇಲೆ ಶುರುವಾಯಿತು ಬೈಗುಳ. 'ಕೆಲಸ ಇಲ್ಲದ ಹುಡುಗರು', 'ಹುಚ್ಚು ಅಭಿಮಾನ', 'ಮನೆಯಲ್ಲಿ ಟಿವಿ ಇರಲಿಲ್ಲವಾ?'. ನಮ್ಮ ಊರಿನ ಕಟ್ಟೆಗಳಲ್ಲೂ ಇದೇ ಮಾತು. ಇದನ್ನು ನಾವು ಒಪ್ಪುವುದಿಲ್ಲ. ಅವರು ಕರೆಯದೆ ಹೋದವರಲ್ಲ, ಕರೆದಾಗ ಹೋದವರು. ಜಾತ್ರೆಗೆ ಡಂಗುರ ಹೊಡೆಸಿ, ಬಂದ ಭಕ್ತರನ್ನು 'ಯಾಕೆ ಬಂದ್ರಿ' ಅಂತ ಯಾರಾದರೂ ಕೇಳುತ್ತಾರೆಯೇ? ಸರ್ಕಾರ ಪೊಲೀಸ್ ಕಮಿಷನರನ್ನು ಅಮಾನತು ಮಾಡಿತು. ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು, ಮೇಲ್ನೋಟಕ್ಕೆ ಆ ಗುಂಪು ಸೇರಲು ಆರ್‌ಸಿಬಿಯೇ ಕಾರಣ ಅಂದಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗ ವರದಿ ಕೊಟ್ಟಿತು, ಅಷ್ಟು ದೊಡ್ಡ ಗುಂಪಿಗೆ ಆ ಕ್ರೀಡಾಂಗಣ ತಕ್ಕದ್ದಲ್ಲ ಅಂದಿತು. ಆ ವರ್ಷ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಯಾರ ತಪ್ಪು ಎಷ್ಟು ಅಂತ ತೀರ್ಮಾನಿಸುವುದು ಕೋರ್ಟಿನ ಕೆಲಸ. ಸತ್ತ ಹುಡುಗ ಹುಡುಗಿಯರ ತಪ್ಪು ಅಂತೂ ಅಲ್ಲ.

ಇನ್ನೊಂದು ಮಾತು ಎಲ್ಲರೂ ತಿಳಿದಿರಬೇಕು, ಯಾಕೆಂದರೆ ನಮ್ಮಲ್ಲೂ ತೇರು ಎಳೆಯುವ ಜಾತ್ರೆಗಳಿವೆ. ನೂಕುನುಗ್ಗಲಿನಲ್ಲಿ ಜನ ಸಾಯುವುದು ಯಾವಾಗಲೂ ತುಳಿತದಿಂದಲೇ ಅಲ್ಲ. ಬಹಳ ಸಲ ನಿಂತಲ್ಲೇ ಸಾಯುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ನೀರಿನ ಹಾಗೆ ಹೊಯ್ದಾಡುತ್ತದೆ. ಎದೆ ಹಿಗ್ಗಲು ಜಾಗ ಇಲ್ಲದೆ ಉಸಿರು ಕಟ್ಟುತ್ತದೆ. ಹಿಂದೆ ನಿಂತವನಿಗೆ ಇದು ಕಾಣುವುದೇ ಇಲ್ಲ, ಅವನು ಗೇಟು ತೆಗೆದರೆಂದು ಒಂದು ಹೆಜ್ಜೆ ಮುಂದಿಡುತ್ತಾನೆ. ಅಂಥ ಕಡೆ ಸಿಕ್ಕಿಕೊಂಡರೆ ಎರಡೂ ಕೈ ಮಡಚಿ ಎದೆಯ ಮುಂದೆ ಇಟ್ಟುಕೊಳ್ಳಿ, ಬಿದ್ದ ಚಪ್ಪಲಿಗೋ ಮೊಬೈಲಿಗೋ ಬಗ್ಗಬೇಡಿ, ಗುಂಪಿನ ಎದುರು ತಳ್ಳಬೇಡಿ, ಅಲೆ ಸ್ವಲ್ಪ ಸಡಿಲವಾದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಮಗು ಇದ್ದರೆ ಮೇಲೆತ್ತಿಕೊಳ್ಳಿ. ಇದನ್ನು ಯಾವ ಶಾಲೆಯಲ್ಲೂ ನಮಗೆ ಹೇಳಿಕೊಟ್ಟಿರಲಿಲ್ಲ.

ಸರಿ, ಅಭಿಮಾನಿಗಳು ಏನು ಮಾಡಬೇಕು? ಸ್ಟೇಟಸ್‌ಗೆ ಮೇಣದಬತ್ತಿ ಹಾಕಿ ಮರುದಿನ ಮರೆಯುವುದು ಬಿಟ್ಟು ಬೇರೆ ದಾರಿ ಇದೆಯೇ? ಇದೆ. ಬಹಳ ಹಿಂದೆ ಫುಟ್‌ಬಾಲ್ ಅಭಿಮಾನಿಗಳು ಹಾಕಿದ ದಾರಿ ಅದು. ಆರ್.ಎಚ್. ಕ್ಯಾಂಪಿನ ಹಿರಿಯರ ಹತ್ತಿರ ಫುಟ್‌ಬಾಲ್ ಮಾತು ತೆಗೆದರೆ ಅದರ ಬಾಗಿಲು ತೆರೆಯುತ್ತದೆ.

ಕೋಲ್ಕತ್ತದಲ್ಲಿ ಎರಡು ದೊಡ್ಡ ಕ್ಲಬ್ಬುಗಳಿವೆ. ಒಂದು ಮೋಹನ್ ಬಾಗಾನ್, 1911ರಲ್ಲಿ ಬರಿಗಾಲಲ್ಲೇ ಬಹುತೇಕ ಆಡಿ ಬ್ರಿಟಿಷ್ ಸೈನಿಕರ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು. ಇನ್ನೊಂದು ಈಸ್ಟ್ ಬೆಂಗಾಲ್, 1920ರಲ್ಲಿ ಹುಟ್ಟಿದ್ದು. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರಿಗೆ ಅದು ಬರೀ ಕ್ಲಬ್ ಆಗಿರಲಿಲ್ಲ, ಕಳೆದುಹೋದ ಊರಿನ ಹೆಸರಾಗಿತ್ತು. ಅದರ ಅಂಗಿಯ ಬಣ್ಣ ಕೆಂಪು ಹಳದಿ, ನಮ್ಮ ಕನ್ನಡ ಬಾವುಟದ್ದೇ ಅನ್ನಿ. ಈಸ್ಟ್ ಬೆಂಗಾಲ್ ಗೆದ್ದರೆ ಮಾರುಕಟ್ಟೆಯಲ್ಲಿ ಇಲಿಶ್ ಮೀನಿನ ಬೆಲೆ ಏರುತ್ತದೆ, ಮೋಹನ್ ಬಾಗಾನ್ ಗೆದ್ದರೆ ಸಿಗಡಿಯದು ಅಂತ ಅಲ್ಲಿ ಮಾತೇ ಇದೆ. ಕಾಯುವುದೂ ಅವರಿಗೆ ಗೊತ್ತು: 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ಸೂಪರ್ ಕಪ್ ಗೆದ್ದಾಗ ರಾಷ್ಟ್ರಮಟ್ಟದ ಕಪ್ ಕಂಡು ಹನ್ನೆರಡು ವರ್ಷವಾಗಿತ್ತು.

1980ರ ಆಗಸ್ಟ್ 16ರಂದು ಈ ಎರಡು ತಂಡಗಳ ಲೀಗ್ ಪಂದ್ಯ ಈಡನ್ ಗಾರ್ಡನ್ಸ್‌ನಲ್ಲಿ ನಡೆಯಿತು. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಜಗಳವಾಯಿತು, ಅದು ಗ್ಯಾಲರಿಗೆ ಹಬ್ಬಿತು, ಗಲಾಟೆ ಕಾಲ್ತುಳಿತದಲ್ಲಿ ಹದಿನಾರು ಅಭಿಮಾನಿಗಳು ಸತ್ತರು. ಎರಡೂ ತಂಡದ ಅಭಿಮಾನಿಗಳು. ಕೋಲ್ಕತ್ತ ಏನು ಮಾಡಿತು ಗೊತ್ತೇ? ಆಗಸ್ಟ್ 16ನ್ನು ಫುಟ್‌ಬಾಲ್ ಪ್ರೇಮಿಗಳ ದಿನ ಅಂತ ಇಟ್ಟುಕೊಂಡಿತು, ಆ ದಿನ ರಕ್ತದಾನ ಶಿಬಿರ ಮಾಡುವುದನ್ನು ರೂಢಿಗೆ ತಂದಿತು. ಹೊಡೆದಾಡಿದ ಅದೇ ಎರಡು ಕ್ಲಬ್ಬುಗಳ ಜನ ಬಂದು ರಕ್ತ ಕೊಡುತ್ತಾರೆ. ಆ ಹದಿನಾರು ಮಂದಿ ಸತ್ತಾಗ ಹುಟ್ಟಿರದವರೂ ಕೊಡುತ್ತಾರೆ.

ನಾವು ಕೇಳುವುದು ಇದನ್ನೇ. ಪ್ರತಿ ಜೂನ್ 4ರಂದು ನಮ್ಮ ತಾಲೂಕುಗಳ ಆರ್‌ಸಿಬಿ ಅಭಿಮಾನಿಗಳು ರಕ್ತದಾನ ಮಾಡಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಜೊತೆಗೆ ಕ್ಯಾಂಪುಗಳು. ಜೂನ್ ಮೊದಲ ವಾರ ಕಾಲುವೆಗೆ ಇನ್ನೂ ನೀರು ಬಿಟ್ಟಿರುವುದಿಲ್ಲ, ನಾಟಿ ಕೆಲಸ ದೂರ ಇರುತ್ತದೆ, ಹುಡುಗರ ಕೈ ಬಿಡುವಾಗಿರುತ್ತದೆ. ಬೇಸಿಗೆಯಲ್ಲಿ ಕಾಲೇಜುಗಳು ಮುಚ್ಚಿ ಶಿಬಿರ ಕಡಿಮೆಯಾಗಿ ರಕ್ತನಿಧಿಗಳು ಬರಿದಾಗುವ ಹೊತ್ತೂ ಅದೇ. ನಮ್ಮ ಸೀಮೆಯಲ್ಲಿ ರಕ್ತಹೀನತೆಯ ಬಸುರಿಯರು ಎಷ್ಟಿದ್ದಾರೆ ಅಂತ ಯಾವ ಆಶಾ ಅಕ್ಕನನ್ನು ಕೇಳಿದರೂ ಹೇಳುತ್ತಾರೆ. ತಲಸ್ಸೇಮಿಯಾ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಆ ಮಗುವಿಗೆ ಯಾರು ಕಪ್ ಗೆದ್ದರೂ ಒಂದೇ.

ಇದಕ್ಕೆ ಬರುವ ಮಾತುಗಳೂ ನಮಗೆ ಗೊತ್ತು. 'ಆರ್‌ಸಿಬಿ ಒಂದು ಕಂಪನಿ, ದುಡ್ಡು ಮಾಡೋದು ಅವರು, ರಕ್ತ ಕೊಡೋದು ನಾವಾ?' ನಿಜ, ಅದು ಕಂಪನಿ. 2008ರಲ್ಲಿ ಮದ್ಯದ ವ್ಯಾಪಾರಿ ಕೊಂಡ ತಂಡ, ನಮ್ಮ ಅಭಿಮಾನ ಅವರಿಗೆ ಬಂಡವಾಳ. ಅದಕ್ಕೇ ಅಭಿಮಾನಿಗಳ ಕೈಯಲ್ಲೇ ಇರುವ ಒಂದು ಕೆಲಸ ಬೇಕು ಅನ್ನುತ್ತಿರುವುದು. ಕಂಪನಿ ತನ್ನ ಪಾಲಿನ ಪರಿಹಾರ ಕೊಡಲಿ, ಕೋರ್ಟಿಗೆ ಉತ್ತರ ಹೇಳಲಿ. ತಂಡ ನಾಳೆ ಬೇರೆಯವರ ಕೈಗೆ ಮಾರಾಟವಾದರೂ ಜೂನ್ 4 ನಮ್ಮ ಹತ್ತಿರ ಇರುತ್ತದೆ.

'ಗೆದ್ದ ಖುಷಿ ಯಾಕೆ ಕೆಡಿಸ್ತೀರಿ' ಅಂತಲೂ ಕೇಳುತ್ತಾರೆ. ಜೂನ್ 3ರಂದು ಹೋಳಿಗೆ ಮಾಡಿ, ಪಟಾಕಿ ಹೊಡೀರಿ, ಬೇಡ ಅಂದವರು ಯಾರು? ಹಾಗೇ 2024ರ ಮಾರ್ಚ್ 17ನ್ನೂ ನೆನಪಿಡಿ. ಆರ್‌ಸಿಬಿಗೆ ಮೊದಲ ಕಪ್ ತಂದವರು ಸ್ಮೃತಿ ಮಂಧಾನ ನಾಯಕಿಯಾಗಿದ್ದ ಹೆಣ್ಣುಮಕ್ಕಳ ತಂಡ. ಆ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದ ಶ್ರೇಯಾಂಕಾ ಪಾಟೀಲ ನಮ್ಮ ಕಲಬುರಗಿ ಕಡೆಯ ಹುಡುಗಿ. ಅವತ್ತು ಎಷ್ಟು ಊರಲ್ಲಿ ಪಟಾಕಿ ಹೊಡೆದೆವು ಅನ್ನುವುದನ್ನು ನೀವೇ ಲೆಕ್ಕ ಹಾಕಿ.

ಇನ್ನು ಕೆಲಸದ ಮಾತು. ರಕ್ತ ತೆಗೆಯುವುದು ಪರವಾನಗಿ ಇರುವ ರಕ್ತನಿಧಿಯವರೇ ಆಗಬೇಕು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ರಕ್ತನಿಧಿ ಇದೆ. ಅವರ ಜೊತೆ, ನಿಮ್ಮ ತಾಲೂಕು ಆಸ್ಪತ್ರೆಯ ಜೊತೆ ಒಂದು ತಿಂಗಳು ಮುಂಚೆಯೇ ಮಾತಾಡಿ. ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಬರಿಹೊಟ್ಟೆಯಲ್ಲಿ ಬರಬೇಡಿ, ಹಿಂದಿನ ರಾತ್ರಿ ಕುಡಿದು ಬರಬೇಡಿ, ನೀರು ಚೆನ್ನಾಗಿ ಕುಡಿಯಿರಿ.

ತೆಗೆದ ರಕ್ತ ಸುಮಾರು 35 ದಿನ ಇಡಬಹುದು, ಬಹಳ ಕಾಲ ಇಡಲು ಆಗುವುದಿಲ್ಲ. ಹಾಗಾಗಿ ಹುಮ್ಮಸ್ಸಿಗೆ ನೂರಾರು ಜನ ಒಂದೇ ದಿನ ಕೊಟ್ಟು ಅದು ಹಾಳಾಗುವುದು ಬೇಡ. ಎಷ್ಟು ಬಾಟಲಿ ಬೇಕು ಅಂತ ರಕ್ತನಿಧಿಯವರು ಹೇಳುತ್ತಾರೆ, ಅಷ್ಟು ಜನ ಜೂನ್ 4ರಂದು ಕೊಡಲಿ. ಉಳಿದವರು ಅವತ್ತು ಬಂದು ರಕ್ತದ ಗುಂಪು ಪರೀಕ್ಷೆ ಮಾಡಿಸಿಕೊಂಡು ಹೆಸರು, ಊರು, ನಂಬರು ಬರೆಸಿ ಹೋಗಲಿ, ಬೇಕಾದ ದಿನ ಫೋನ್ ಬರುತ್ತದೆ. ಬಿ ನೆಗೆಟಿವ್, ಓ ನೆಗೆಟಿವ್‌ನವರು ಅಂತೂ ತಪ್ಪದೆ ಬರೆಸಿ. ಇದಕ್ಕೆ ಹೊಸ ಸಂಘ ಕಟ್ಟಬೇಕಾಗಿಲ್ಲ, ರಸೀದಿ ಪುಸ್ತಕ ಹಿಡಿದು ಚಂದಾ ಎತ್ತುವುದಂತೂ ಬೇಡವೇ ಬೇಡ. ಪ್ರತಿ ಊರಲ್ಲೂ ಆರ್‌ಸಿಬಿ ಹುಡುಗರ ಒಂದು ವಾಟ್ಸಾಪ್ ಗ್ರೂಪ್ ಇದ್ದೇ ಇದೆ, ಮೇ ಮುಗಿದ ಮೇಲೆ ಬರೀ ಗುಡ್ ಮಾರ್ನಿಂಗ್ ಬರುವ ಗ್ರೂಪ್. ಪಟ್ಟಿಯನ್ನು ಅದರಲ್ಲೇ ಶುರು ಮಾಡಬಹುದು.