ಸರ್ವರ್ ಕೈಕೊಟ್ಟರೆ ದಂಡ ಯಾರಿಗೆ?

ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಇದೆ, ತಕ್ಕಡಿ ಇದೆ, ಕಾರ್ಡುದಾರರೂ ಬಂದು ನಿಂತಿದ್ದಾರೆ. ಆದರೂ ವಿತರಣೆ ಇಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ರಾಜ್ಯದಲ್ಲಿ ಈಗ ಯಾರಿಗೂ ಹೊಸದಲ್ಲ. ಜನ ಈ ಮಾತಿಗೆ ಒಗ್ಗಿಹೋಗಿರುವುದೇ ಆತಂಕದ ಸಂಗತಿ. ಸಂಸತ್ತು ಶಾಸನ ಮಾಡಿ ಕೊಟ್ಟ ಹಕ್ಕು ಯಂತ್ರದ ಕೃಪೆಗೆ ಕಾಯುವಂತಾಗಿದೆ.

ಡಿಜಿಟಲ್ ವ್ಯವಸ್ಥೆಯಿಂದ ಪ್ರಯೋಜನವೇ ಆಗಿಲ್ಲ ಎನ್ನುವಂತಿಲ್ಲ. ನೆರವಿನ ಹಣ ನೇರ ಖಾತೆಗೆ ಬಂದು ಮಧ್ಯವರ್ತಿಗಳ ಕೈ ಕಟ್ಟಿದೆ. ತರಕಾರಿ ಗಾಡಿಯವರಿಗೂ ಚಿಲ್ಲರೆಯ ಚಿಂತೆ ತಪ್ಪಿದೆ. ಆ ಲಾಭದ ಲೆಕ್ಕವನ್ನು ಸರ್ಕಾರಗಳು ಉತ್ಸಾಹದಿಂದಲೇ ಒಪ್ಪಿಸುತ್ತವೆ. ನಷ್ಟದ ಲೆಕ್ಕ ಕೇಳಿದರೆ ಮೌನ.

ಆ ನಷ್ಟ ಅಂಗಡಿಯ ಕಟ್ಟೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಅಡಿಕೆ ಸುಲಿದು, ಗಾರೆ ಕಲಸಿ, ಬೀಡಿ ಕಟ್ಟಿ ದುಡಿದ ಕೈಗಳ ಗೆರೆ ಸವೆದಿರುತ್ತದೆ. ಬೆರಳಚ್ಚು ಯಂತ್ರ ಗುರುತಿಸದಿದ್ದಾಗ ವೃದ್ಧೆಯರು ಬೆರಳನ್ನು ಸೆರಗಿಗೆ ಒರೆಸಿ, ಮತ್ತೆ ಒತ್ತಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದನ್ನೇ ಇಟ್ಟು ನೋಡುತ್ತಾರೆ. ಒಟಿಪಿ ಬರಬೇಕಾದ ಮೊಬೈಲ್ ಬೆಂಗಳೂರಿನಲ್ಲಿ ದುಡಿಯುವ ಮಗನ ಜೇಬಿನಲ್ಲಿರುತ್ತದೆ. ಕೆಲಸದ ಹೊತ್ತಿನಲ್ಲಿ ಆತ ಕರೆ ಸ್ವೀಕರಿಸುವಂತಿಲ್ಲ. ಮಲೆನಾಡಿನ ಹಲವೆಡೆ ನೆಟ್‌ವರ್ಕೇ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರು ಮರುದಿನದ್ದನ್ನೂ ಬಿಡಬೇಕು. ಉಚಿತ ಅಕ್ಕಿಗೆ ಬಡವರು ತೆರುವ ಈ ಬೆಲೆ ಯಾವ ರಸೀದಿಯಲ್ಲೂ ಮೂಡುವುದಿಲ್ಲ.

ಇದು ಆಳುವವರಿಗೆ ತಿಳಿಯದ ಸಂಗತಿಯೇನಲ್ಲ. ಸರ್ಕಾರಿ ಸೇವೆಗಳಲ್ಲಿ ದೃಢೀಕರಣದ ಯಶಸ್ಸಿನ ಪ್ರಮಾಣ ಶೇ 88 ಎಂದು 2018ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿದ್ದು ಆಧಾರ್ ಪ್ರಾಧಿಕಾರವೇ. ವಿಫಲವಾದ ಪ್ರತಿ ಯತ್ನವೂ ಹಸಿವಿನಲ್ಲಿ ಕೊನೆಯಾಗುತ್ತದೆ ಎಂದಲ್ಲ. ಆದರೆ ನೂರರಲ್ಲಿ ಹನ್ನೆರಡು ಸಲ ಕೆಟ್ಟು ನಿಲ್ಲುವ ಬಸ್ಸನ್ನು ಯಾವ ಸಾರಿಗೆ ನಿಗಮವೂ ಹೆಮ್ಮೆಯಿಂದ ರಸ್ತೆಗಿಳಿಸಲಾರದು.

ಕಾನೂನು ನಾಗರಿಕರ ಪರವಾಗಿಯೇ ಇದೆ. ಆಧಾರ್ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಸಚಿವಾಲಯ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ದೃಢೀಕರಣ ವಿಫಲವಾದ ಮಾತ್ರಕ್ಕೆ ಸೌಲಭ್ಯ ತಪ್ಪಕೂಡದೆಂಬುದನ್ನು ಮರುವರ್ಷದ ಆಧಾರ್ ತೀರ್ಪೂ ಹೇಳಿತು. ಆಸಿಡ್ ದಾಳಿ ಸಂತ್ರಸ್ತರ ಅರ್ಜಿಯ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು.

ಹೀಗಿದ್ದೂ ಅಂಗಡಿಯವರು ಜನರನ್ನು ವಾಪಸು ಕಳಿಸುತ್ತಾರೆ. ಅವರನ್ನಷ್ಟೇ ದೂಷಿಸಿ ಫಲವಿಲ್ಲ. ಯಂತ್ರ ಒಪ್ಪದೆ ಅಕ್ಕಿ ಅಳೆದುಕೊಟ್ಟರೆ ದಾಸ್ತಾನಿನ ಕೊರತೆಗೆ ಉತ್ತರ ಹೇಳಬೇಕಾದವರು ಅವರೇ.

ಹೊಣೆ ರಾಜ್ಯ ಸರ್ಕಾರದ್ದು. ಧಾನ್ಯ ಪೂರೈಕೆ ತಪ್ಪಿದರೆ ರಾಜ್ಯವು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ತಪ್ಪಿದ್ದು ಲಾರಿ ಬಾರದೆಯೋ ಸರ್ವರ್ ಕೈಕೊಟ್ಟೋ ಎಂಬುದು ಒಲೆ ಹಚ್ಚಬೇಕಾದವರಿಗೆ ಸಂಬಂಧಿಸಿದ್ದಲ್ಲ. ಸರ್ಕಾರಿ ಸೇವೆಯ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ನಿಗದಿಪಡಿಸಿದ ಸಕಾಲ ವ್ಯವಸ್ಥೆಯನ್ನು 2012ರಲ್ಲೇ ಜಾರಿಗೆ ತಂದ ರಾಜ್ಯಕ್ಕೆ ಈ ತತ್ವ ಅಪರಿಚಿತವೂ ಅಲ್ಲ.

ಎರಡು ಬಾರಿ ಬೆರಳಚ್ಚು ಹೊಂದದಿದ್ದರೆ ವಹಿಯಲ್ಲಿ ಸಹಿ ಪಡೆದು ಅಂದೇ ಅಕ್ಕಿ ಕೊಡುವ ಅಧಿಕಾರ ಅಂಗಡಿಯವರಿಗೆ ಲಿಖಿತವಾಗಿ ಸಿಗಬೇಕು. ಆ ವಿತರಣೆಯನ್ನು ಇಲಾಖೆ ಲೆಕ್ಕಕ್ಕೆ ಒಪ್ಪಿಕೊಳ್ಳಬೇಕು. ಬರಿಗೈಯಲ್ಲಿ ಹಿಂದಿರುಗಿದವರ ಹೆಸರು, ದಿನಾಂಕ, ಕಾರಣ ಅದೇ ವಹಿಯಲ್ಲಿ ದಾಖಲಾಗಿ ತಿಂಗಳಿಗೊಮ್ಮೆ ತಹಶೀಲ್ದಾರರ ಮೇಜಿಗೆ ಹೋಗಬೇಕು. ಆ ಸಂಖ್ಯೆಯನ್ನು ತಾಲ್ಲೂಕುವಾರು ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಮಂಡಿಸುವ ಹೊಣೆ ಆಹಾರ ಸಚಿವರದು.