ಕುಡಚಿ ಜಂಕ್ಷನ್ ಆಗಲಿ, ಬರೀ ಬೋರ್ಡಿನ ಮೇಲಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನ ಜನಕ್ಕೆ ರೈಲು ಹೊಸದಲ್ಲ. ಲೋಂಡಾ–ಮೀರಜ ಹಳಿ ನಮ್ಮ ಭಾಗಕ್ಕೆ ಬಂದು ನೂರಾ ಮೂವತ್ತು ವರ್ಷ ದಾಟಿದೆ. ಆದರೆ ಈ ಮೂರು ತಾಲ್ಲೂಕು ಕೇಂದ್ರಗಳ ಪೈಕಿ ಒಂದು ಊರಿನೊಳಗೂ ರೈಲು ಬರುವುದಿಲ್ಲ.

ಸ್ಟೇಷನ್ನುಗಳ ಹೆಸರು ಓದಿದರೇ ಇದು ತಿಳಿಯುತ್ತದೆ. ಗೋಕಾಕ ರೋಡ್. ಚಿಕ್ಕೋಡಿ ರೋಡ್. ರೈಲ್ವೆಯವರ ಭಾಷೆಯಲ್ಲಿ 'ರೋಡ್' ಅಂದರೆ, ಇಲ್ಲಿ ಇಳಿಯಿರಿ, ಊರಿಗೆ ಇನ್ನೂ ದಾರಿ ಇದೆ ಅಂತ ಅರ್ಥ. ಗೋಕಾಕ ರೋಡ್ ಇರುವುದು ಕೊಣ್ಣೂರಿನಲ್ಲಿ. ಅಲ್ಲಿಂದ ಗೋಕಾಕ ಪೇಟೆಗೆ ಹತ್ತು ಕಿ.ಮೀ. ಮೇಲಿದೆ. ಮಸಗುಪ್ಪಿಯಂಥ ಹೊಳೆದಂಡೆಯ ಹಳ್ಳಿಯಿಂದ ರೈಲು ಹಿಡಿಯಬೇಕಾದರೆ ಮೊದಲು ಬಸ್ಸು, ಆಮೇಲೆ ಟಂಟಂ, ಕೊನೆಗೆ ರೈಲು.

ಈಗ ಈ ಭಾಗದಲ್ಲಿ ಒಂದು ಹೊಸ ಜಂಕ್ಷನ್ ಹುಟ್ಟಲಿದೆ. ರಾಯಬಾಗ ತಾಲ್ಲೂಕಿನ, ಕೃಷ್ಣಾ ನದಿ ದಂಡೆಯ ಕುಡಚಿಗೆ ಬಾಗಲಕೋಟೆ ಕಡೆಯಿಂದ ಹಳಿ ಬರಬೇಕಿದೆ. ಬಂದ ದಿನ ಕುಡಚಿ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ 'ಜಂಕ್ಷನ್' ಅಂತ ಸೇರುತ್ತದೆ. ಆ ಅಕ್ಷರದಿಂದ ನಮಗೇನು ಸಿಗಬೇಕು ಅನ್ನುವುದನ್ನು ಈಗಲೇ ಮಾತಾಡಬೇಕು ಅನ್ನುವುದು ನಮ್ಮ ವಾದ. ಹಳಿ ಹಾಕಿ ಮುಗಿದ ಮೇಲೆ, ಗಾಡಿಗಳ ವೇಳಾಪಟ್ಟಿ ಅಚ್ಚಾದ ಮೇಲೆ ಮಾತಾಡಿದರೆ ಕೇಳುವವರು ಕಡಿಮೆ.

ಯಾಕೆ ಹೀಗೆ ಹೇಳುತ್ತೇವೆ ಅಂದರೆ, ನಮ್ಮ ಸುತ್ತಲಿನ ಜಂಕ್ಷನ್‌ಗಳ ಇತಿಹಾಸ ಅದನ್ನೇ ಹೇಳುತ್ತದೆ.

ಬರದಿಂದ ಬಂದ ಹಳಿ

1876–78ರಲ್ಲಿ ನಮ್ಮ ಹಿರಿಯರು ಕಂಡ ಬರ ಸಣ್ಣದಲ್ಲ. ಧಾತು, ಈಶ್ವರ ಸಂವತ್ಸರಗಳ ಬರ ಅದು. ಬೆಳಗಾವಿ, ಧಾರವಾಡ, ಆಗಿನ ಕಲಾದಗಿ ಜಿಲ್ಲೆಗಳಲ್ಲಿ ಜನ ದನ ಎರಡೂ ಸತ್ತವು. ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರಲು ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರೋಣವೆಂದರೆ ಎತ್ತಿಗೇ ಮೇವಿಲ್ಲ. ಆ ಬರದ ನಂತರ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗ, ಬರ ಬೀಳುವ ಸೀಮೆಗೆ ರೈಲು ಬೇಕು ಎಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಮೀಟರ್ ಗೇಜ್ ಹಳಿ ಹಾಕಿತು.

ಒಂದು ಹಳಿ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಕ್ಕೆ ಹೋಯಿತು. ಇನ್ನೊಂದು ಲೋಂಡಾದಿಂದ ಬೆಳಗಾವಿ, ಘಟಪ್ರಭಾ, ರಾಯಬಾಗ, ಕುಡಚಿ ಮೇಲೆ ಮೀರಜಕ್ಕೆ, ಅಲ್ಲಿಂದ ಪುಣೆಗೆ. ಎರಡೂ ತೆಂಕಣದಿಂದ ಬಡಗಣಕ್ಕೆ. ನಡುವೆ ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಮೂಡಲಗಿ. ಏಣಿಗೆ ಎರಡು ಕಂಬ ನಿಲ್ಲಿಸಿದರು, ಮೆಟ್ಟಿಲು ಹಾಕಲಿಲ್ಲ. ನಡುವಿನ ಊರುಗಳು ಹಾಗೇ ಉಳಿದವು. ಆಗ ಈ ನಡುಸೀಮೆ ಒಬ್ಬರ ಕೈಯಲ್ಲಿರಲಿಲ್ಲ ಎನ್ನುವುದನ್ನೂ ನೆನಪಿಡಬೇಕು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಾಯಬಾಗ ಕೊಲ್ಹಾಪುರದ್ದು.

ಹಳಿ ಬಂದ ಕಡೆ ಊರು ಬೆಳೆಯಿತು. ಘಟಪ್ರಭಾವನ್ನೇ ನೋಡಿ. ಊರಿನ ಕಾಗದಪತ್ರದ ಹೆಸರು ಮಲ್ಲಾಪುರ ಪಿ.ಜಿ. ಆದರೆ ಜನ ಕರೆಯುವುದು ಸ್ಟೇಷನ್ನಿನ ಹೆಸರಿನಿಂದ. ನದಿಯ ಹೆಸರು ಸ್ಟೇಷನ್ನಿಗೆ ಬಂತು, ಸ್ಟೇಷನ್ನಿನ ಹೆಸರು ಊರಿಗೆ ಬಂತು. 1923ರಲ್ಲಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರ ಅವರ ಹೆಸರು ಈ ಊರಿನ ಜೊತೆ ಸೇರಿಕೊಂಡಿದೆ.

ಲೋಂಡಾ, ಮೀರಜ: ಎರಡು ಪಾಠ

ಲೋಂಡಾ ಕಾಡಿನ ನಡುವಿನ ಸಣ್ಣ ಊರು. ಅದು ಜಂಕ್ಷನ್ ಆಗಿದ್ದು ಊರಿನವರ ಸಲುವಾಗಿ ಅಲ್ಲ, ಬಂದರಿನ ಸಲುವಾಗಿ. ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾದ ಮಾರ್ಮಗೋವಾ ಬಂದರಿಗೆ ಹೋಗುವ ಹಳಿ, ಹುಬ್ಬಳ್ಳಿ ಕಡೆಯ ಹಳಿ, ಬೆಳಗಾವಿ ಕಡೆಯ ಹಳಿ ಮೂರೂ ಅಲ್ಲಿ ಕೂಡಿದವು. ನೂರು ವರ್ಷ ಲೋಂಡಾ ಅಂದರೆ ರೈಲು, ರೈಲು ಅಂದರೆ ಲೋಂಡಾ.

ಈಗ ಧಾರವಾಡದಿಂದ ಕಿತ್ತೂರು ಮೇಲೆ ಬೆಳಗಾವಿಗೆ ಸುಮಾರು 73 ಕಿ.ಮೀ. ನೇರ ಹಳಿ ಹಾಕುವ ಯೋಜನೆ ಇದೆ. ರೈಲ್ವೆ ರಾಜ್ಯ ಸಚಿವರಾಗಿದ್ದ ದಿವಂಗತ ಸುರೇಶ ಅಂಗಡಿಯವರ ಕಾಲದಲ್ಲಿ ಮುಂದಕ್ಕೆ ಬಂದ ಯೋಜನೆ ಅದು. ಭೂಸ್ವಾಧೀನದಲ್ಲಿ ಬಹಳ ತಡವಾಗಿದೆ. ಆದರೆ ಅದು ಮುಗಿದ ದಿನ ಹುಬ್ಬಳ್ಳಿ–ಬೆಳಗಾವಿ ಗಾಡಿಗಳಿಗೆ ಲೋಂಡಾ ಸುತ್ತಿ ಬರುವ ಕೆಲಸ ಇರುವುದಿಲ್ಲ. ನಮ್ಮ ಕಿತ್ತೂರು ಸೀಮೆಗೆ ಅದು ಬೇಕೇ ಬೇಕು. ಆದರೆ ಪಾಠ ಇಷ್ಟು: ಹಾದುಹೋಗುವವರನ್ನಷ್ಟೇ ನಂಬಿದ ಜಂಕ್ಷನ್, ಅವರಿಗೆ ಹತ್ತಿರದ ದಾರಿ ಸಿಕ್ಕ ದಿನ ಖಾಲಿಯಾಗುತ್ತದೆ.

ಮೀರಜದ ಕಥೆ ಬೇರೆ. 1891ರಲ್ಲಿ ಅಲ್ಲಿಂದ ಕೊಲ್ಹಾಪುರಕ್ಕೆ ಹಳಿ ಹೋಯಿತು. 1927ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಹಳಿ ಪಂಢರಪುರ ಕಡೆಯಿಂದ ಬಂದು ಸೇರಿತು. 1971ರಲ್ಲಿ ಪುಣೆ ಕಡೆಯ ಹಳಿ ಬ್ರಾಡ್ ಗೇಜ್ ಆಯಿತು, ಬೆಳಗಾವಿ ಕಡೆಯದು ಮೀಟರ್ ಗೇಜೇ ಉಳಿಯಿತು. ಒಂದೇ ಊರಲ್ಲಿ ಮೂರು ಅಳತೆಯ ಹಳಿ. ನಮ್ಮ ಅಪ್ಪ, ಅಜ್ಜಂದಿರು ಮುಂಬಯಿಗೆ ಹೋಗಬೇಕಾದರೆ ಮೀರಜದಲ್ಲಿ ಗಂಟು ಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು. 1990ರ ದಶಕದಲ್ಲಿ ಲೋಂಡಾ–ಮೀರಜ ಹಳಿಯೂ ಬ್ರಾಡ್ ಗೇಜ್ ಆದ ಮೇಲೆ ಆ ತ್ರಾಸು ತಪ್ಪಿತು.

ಗಾಡಿ ಬದಲಿಸುವ ಕೆಲಸ ಕಡಿಮೆಯಾಯಿತು, ಮೀರಜ ಮಾತ್ರ ಬಡವಾಗಲಿಲ್ಲ. ಯಾಕೆ? ಅಲ್ಲಿ ಇಳಿಯಲು ಬೇರೆ ಕಾರಣ ಇದ್ದವು. 1894ರಲ್ಲಿ ಡಾ. ವಾನ್ಲೆಸ್ ಸುರು ಮಾಡಿದ ಮಿಷನ್ ದವಾಖಾನೆ ಇದೆ. ಗಟ್ಟಿ ಬೇನೆ ಬಂದರೆ ಇವತ್ತಿಗೂ ನಮ್ಮ ಕಡೆ 'ಮೀರಜಕ್ಕೆ ಒಯ್ಯಿರಿ' ಅನ್ನುತ್ತಾರೆ. ಸಿತಾರ್ ಮಾಡುವ ಓಣಿ ಇದೆ, ಪೇಟೆ ಇದೆ, ಸಾಂಗಲಿಯ ಅರಿಷಿಣ ಬಜಾರು ಪಕ್ಕದಲ್ಲೇ ಇದೆ. 2016ರ ಏಪ್ರಿಲ್‌ನಲ್ಲಿ ಲಾತೂರು ನೀರಿಲ್ಲದೆ ಬಾಯಾರಿದಾಗ, ಕೃಷ್ಣೆಯ ನೀರನ್ನು ಟ್ಯಾಂಕರ್ ರೈಲಿಗೆ ತುಂಬಿ ಕಳಿಸಿದ್ದು ಇದೇ ಮೀರಜದಿಂದ. ಹೊಳೆ, ಹಳಿ, ಊರು ಮೂರೂ ಒಂದಕ್ಕೊಂದು ಕೂಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ಕುಡಚಿ ಲೋಂಡಾ ಆಗುತ್ತದೋ, ಮೀರಜ ಆಗುತ್ತದೋ? ಪ್ರಶ್ನೆ ಇದು.

ಹದಿನೈದು ವರ್ಷದ ಹಾದಿ

ಬಾಗಲಕೋಟೆ–ಕುಡಚಿ ಮಾರ್ಗ ಸುಮಾರು 142 ಕಿ.ಮೀ. 2010–11ರಲ್ಲಿ ಮಂಜೂರಾಯಿತು. ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಭೂಮಿ ಕೊಡುವ ಹೊಣೆಯೂ ರಾಜ್ಯದ್ದು. ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಮೊದಲು ಮುಗಿಯಿತು. ಆಮೇಲೆ ಭೂಸ್ವಾಧೀನದಲ್ಲಿ ಕೆಲಸ ಕುಂಟಿತು. ಹೋರಾಟಗಾರರು ಧರಣಿ ಕೂತರು, ಮನವಿ ಕೊಟ್ಟರು, ಮತ್ತೆ ಕೂತರು. ಈ ಹಳಿ ಇಷ್ಟಾದರೂ ಜೀವಂತ ಇದ್ದರೆ ಅದು ಅವರ ಪುಣ್ಯ.

ಖಜ್ಜಿಡೋಣಿ ಇರುವುದು ಕಲಾದಗಿಯ ಮಗ್ಗುಲಲ್ಲಿ. ಒಂದು ಕಾಲಕ್ಕೆ ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. 1885ರಲ್ಲಿ ಜಿಲ್ಲಾ ಕಚೇರಿ ಅಲ್ಲಿಂದ ರೈಲು ಇದ್ದ ವಿಜಯಪುರಕ್ಕೆ ಹೋಯಿತು. ಆ ಸೀಮೆಗೆ ಹಳಿ ಬರಲು ಮತ್ತೆ ನೂರಾ ಮೂವತ್ತು ವರ್ಷ ಬೇಕಾಯಿತು.

ನಾವು ಕೇಳಬೇಕಾದ್ದು

ಮೊದಲನೆಯದು, ಗಾಡಿಗೆ ಗಾಡಿ ಕೂಡಬೇಕು. ಜಂಕ್ಷನ್ ಅಂದರೆ ಇಳಿದು ಹತ್ತುವ ಜಾಗ. ಜಮಖಂಡಿಯಿಂದ ಬಂದ ಗಾಡಿ ಕುಡಚಿ ಮುಟ್ಟುವ ಹತ್ತು ನಿಮಿಷ ಮುಂಚೆ ಬೆಳಗಾವಿ ಗಾಡಿ ಬಿಟ್ಟು ಹೋದರೆ ಅದು ಜಂಕ್ಷನ್ ಅಲ್ಲ, ಕಾಯುವ ಕಟ್ಟೆ. ಇದರಲ್ಲಿ ಒಂದು ತೊಡಕೂ ಇದೆ. ಕುಡಚಿ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ್ದು, ಮೀರಜ ಮಧ್ಯ ರೈಲ್ವೆಯ ಪುಣೆ ವಿಭಾಗದ್ದು. ಎರಡು ಮನೆಯವರು ಕೂತು ಮಾತಾಡದೆ ವೇಳೆ ಹೊಂದುವುದಿಲ್ಲ. ಮಾತಾಡಿಸುವುದು ನಮ್ಮ ಸಂಸದರ ಕೆಲಸ.

ಎರಡನೆಯದು, ಪ್ಯಾಸೆಂಜರ್ ಗಾಡಿ ಬೇಕು. ಕೊರೊನಾ ಕಾಲದಲ್ಲಿ ಪ್ಯಾಸೆಂಜರ್‌ಗಳು ನಿಂತವು. ಮತ್ತೆ ಸುರುವಾದಾಗ ಹಲವು ಗಾಡಿಗಳು 'ಎಕ್ಸ್‌ಪ್ರೆಸ್' ಆಗಿ ಬಂದವು, ಕನಿಷ್ಠ ಟಿಕೇಟು 10 ರೂಪಾಯಿಂದ 30 ಆಯಿತು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಹಳ್ಳಿಯವರಿಗೆ ಈ 20 ರೂಪಾಯಿ ಸಣ್ಣದಲ್ಲ. ದಿನಾ ಕಾಲೇಜಿಗೆ ಹೋಗುವ ಹುಡುಗಿಗೆ, ಕೂಲಿಗೆ ಹೋಗುವವರಿಗೆ ಅದೇ ಲೆಕ್ಕ. ದೂರದ ಎಕ್ಸ್‌ಪ್ರೆಸ್ ಬಂದರೆ ಫೋಟೋ ಚೆಂದ ಬರುತ್ತದೆ. ಮುಂಜಾನೆ, ಸಂಜೆ ಎಲ್ಲ ಸ್ಟೇಷನ್ನಿಗೂ ನಿಲ್ಲುವ ಗಾಡಿ ಬಂದರೆ ಜೀವನ ನಡೆಯುತ್ತದೆ.

ಮೂರನೆಯದು, ಸ್ಟೇಷನ್ನಿನಿಂದ ಊರಿಗೆ ದಾರಿ. 2025ರ ಮೇ 22ರಂದು ಪ್ರಧಾನಿಯವರು ಅಮೃತ ಭಾರತ ಯೋಜನೆಯಲ್ಲಿ ಹೊಸದಾದ 103 ಸ್ಟೇಷನ್ ಉದ್ಘಾಟಿಸಿದರು. ಅದರಲ್ಲಿ ನಮ್ಮ ಗೋಕಾಕ ರೋಡ್ ಕೂಡ ಇದೆ. ಚೆಂದದ ಸ್ಟೇಷನ್ ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಹೆಸರಿನಲ್ಲಿ 'ರೋಡ್' ಹಾಗೇ ಇದೆ. ಗಾಡಿ ಬರುವ ಹೊತ್ತಿಗೆ ಗೋಕಾಕಕ್ಕೆ, ಮೂಡಲಗಿಗೆ, ಹುಕ್ಕೇರಿಗೆ ಸರಕಾರಿ ಬಸ್ಸು ಗೇಟಿನ ಹತ್ತಿರ ನಿಂತಿರಬೇಕು. ಕುಡಚಿಯಲ್ಲೂ ಅಷ್ಟೇ. ಅಂದ ಹಾಗೆ ಇದಕ್ಕೆ ದಿಲ್ಲಿ ಬೇಕಿಲ್ಲ, ನಮ್ಮ ಸಾರಿಗೆ ಡಿಪೋ ಸಾಕು.

ನಾಲ್ಕನೆಯದು, ಮಾಲು. ನಮ್ಮಲ್ಲಿ ಅರಿಷಿಣ, ಬೆಲ್ಲ, ಸಕ್ಕರೆ, ಗೋವಿನಜೋಳ, ಕಾಯಿಪಲ್ಲೆ ಬೆಳೆಯುತ್ತದೆ. ಬನಹಟ್ಟಿಯ ಸೀರೆ ಇದೆ. ಎರಡು ನಿಮಿಷ ನಿಲ್ಲುವ ಎಕ್ಸ್‌ಪ್ರೆಸ್‌ಗೆ ನಾಲ್ಕು ಚೀಲ ಏರಿಸಲು ಆಗುವುದಿಲ್ಲ. ಸಕ್ಕರೆ ಕಾರ್ಖಾನೆಯವರು ಇಡೀ ಗೂಡ್ಸ್ ಗಾಡಿ ಕೇಳಿ ಪಡೆಯಬಲ್ಲರು. ಹತ್ತು ಚೀಲದ ರೈತ, ಎರಡು ಗಂಟಿನ ನೇಕಾರ ಏನು ಮಾಡಬೇಕು? ಜಂಕ್ಷನ್ನಿನ ನಕ್ಷೆಯಲ್ಲೇ ಅವರ ಮಾಲಿಗೆ ಗೋದಾಮು, ಪಾರ್ಸೆಲ್ ಕಚೇರಿ, ಲಾರಿ ನಿಲ್ಲುವ ಜಾಗ ಇರಬೇಕು.

ಐದನೆಯದು, ನೀರು ಬಂದಾಗಿನ ದಾರಿ. ಕೃಷ್ಣೆ ಉಕ್ಕಿದರೆ ಕುಡಚಿ–ಉಗಾರ ರಸ್ತೆ ಸೇತುವೆ ಮುಳುಗಿದ ಸುದ್ದಿ ಬರುತ್ತದೆ. ಘಟಪ್ರಭೆ ಉಕ್ಕಿದರೆ ನಮ್ಮ ಕಡೆಯ ತಗ್ಗು ಸೇತುವೆಗಳದ್ದೂ ಅದೇ ಗತಿ. 2019ರ ಆಗಸ್ಟ್ ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಹೊಳೆ ದಾಟಲು ರೈಲು ಸೇತುವೆಯ ಆಸರೆ ಇದ್ದರೆ ಎಷ್ಟೋ ಜೀವಕ್ಕೆ ಧೈರ್ಯ. ನೆರೆ ಬಂದಾಗ ನದಿಯ ಎರಡೂ ದಂಡೆಯ ನಡುವೆ ಸಣ್ಣ ಗಾಡಿ ಓಡಿಸುವ ಯೋಜನೆ ಜಿಲ್ಲಾಡಳಿತ, ರೈಲ್ವೆ ಇಬ್ಬರೂ ಸೇರಿ ಮೊದಲೇ ಬರೆದಿಟ್ಟುಕೊಳ್ಳಲಿ.

ಒಂದು ಮಾತು ಒಪ್ಪಬೇಕು. 'ಹಳಿ ಮೊದಲು ಬರಲಿ, ಉಳಿದದ್ದು ಆಮೇಲೆ ನೋಡೋಣ' ಅನ್ನುವವರಿದ್ದಾರೆ. ಹದಿನೈದು ವರ್ಷ ಕಾದವರು ಹಾಗನ್ನುವುದು ಸಹಜ. ಭೂಮಿ ಕೊಟ್ಟ ರೈತರಿಗೆ ಪೂರ್ತಿ ಪರಿಹಾರ ಸಿಕ್ಕು ಕೆಲಸ ಬೇಗ ಮುಗಿಯಲಿ ಅನ್ನುವುದೇ ನಮ್ಮ ಮೊದಲ ಆಸೆ ಕೂಡ. ಆದರೆ ನಾವು ಕೇಳುತ್ತಿರುವ ಯಾವುದೂ ಹಳಿಯ ಕೆಲಸ ನಿಲ್ಲಿಸುವಂಥದ್ದಲ್ಲ. ವೇಳಾಪಟ್ಟಿ, ಬಸ್ಸು, ಗೋದಾಮು ಎಲ್ಲ ಹಳಿಯ ಜೊತೆ ಜೊತೆಗೇ ಆಗುವಂಥವು. 'ಆಮೇಲೆ' ಅಂದಿದ್ದಕ್ಕೇ ಗೋಕಾಕ ಇವತ್ತಿಗೂ 'ರೋಡ್' ಆಗಿ ಉಳಿದಿದೆ.

ಹಾಗಾದರೆ ನಾವು, ನೀವು ಮಾಡುವುದೇನು? ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಿ. ನಿಮ್ಮ ಊರಿಗೆ ಯಾವ ಹೊತ್ತಿಗೆ, ಯಾವ ಕಡೆಯ ಗಾಡಿ ಬೇಕು, ಸ್ಟೇಷನ್ನಿಗೆ ಬಸ್ಸು ಎಷ್ಟೊತ್ತಿಗೆ ಬೇಕು ಅಂತ ನಾಲ್ಕು ಸಾಲು ಸಾಕು. ಒಂದು ಪ್ರತಿ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ, ಒಂದು ಸಂಸದರಿಗೆ, ಒಂದು ಬಸ್ ಡಿಪೋಗೆ. ಹುಬ್ಬಳ್ಳಿ ವಿಭಾಗದಲ್ಲಿ ಪ್ರಯಾಣಿಕರ ಸಲಹಾ ಸಮಿತಿ ಇರುತ್ತದೆ, ಅದರಲ್ಲಿ ನಮ್ಮ ಭಾಗದವರು ಯಾರಿದ್ದಾರೆ ಕೇಳಿ ತಿಳಿದುಕೊಳ್ಳಿ. ಒಂದು ಊರಿನ ಠರಾವು ಕಾಗದ ಅಷ್ಟೇ. ಹೊಳೆದಂಡೆಯ ಐವತ್ತು ಊರಿನ ಠರಾವು ಒಟ್ಟಿಗೆ ಹೋದರೆ ಅದನ್ನು ಬದಿಗಿಡುವುದು ಕಷ್ಟ.